ಒಣ ಎಲೆ ಬಾಚುವಾಗ ಬಂದ ಹಾವು, ಕೇರೆಯೋ ನಾಗರವೋ?

ಹಿತ್ತಲಕಡೆ:
ಹಿತ್ತಲಲ್ಲಿ ಒಣ ಎಲೆ ಗುಡ್ಡೆ ಬಿದ್ದಿತ್ತು. ಬಾಚಿ ಬುಟ್ಟಿಗೆ ತುಂಬೋಣ ಅಂತ ಬಗ್ಗಿದೆ, ಒಳಗಿಂದ ಸರಸರ ಸದ್ದು. ಓತಿಕ್ಯಾತ ಇರಬೇಕು ಅಂದುಕೊಂಡೆ. ನೋಡಿದರೆ ಮಣಿಕಟ್ಟಿನಷ್ಟು ದಪ್ಪದ ಕಂದು ಹಾವು! ಎಷ್ಟು ಹೊತ್ತಾದರೂ ಬಾಲ ಬರಲೇ ಇಲ್ಲ ಅನ್ನೋ ಹಾಗೆ ಹರಿದುಕೊಂಡು ಹೋಗಿ ಕಟ್ಟಿಗೆ ರಾಶಿಯೊಳಗೆ ಸೇರಿಕೊಂಡಿತು. ಹೆಡೆ ಎತ್ತಲಿಲ್ಲ, ಹಾಗಾದರೆ ಕೇರೆ ಹಾವೇ ಅಲ್ವಾ? ಮನೆಯಲ್ಲಿ ಒಬ್ಬರು ಹೊಡೆದು ಹಾಕು ಅಂತಾರೆ, ಇನ್ನೊಬ್ಬರು ಸೀಮೆಎಣ್ಣೆ ಚೆಲ್ಲು ಅಂತಾರೆ. ದೂರದಿಂದ ತೆಗೆದ ಒಂದು ಫೋಟೋ ಇದೆ, ಅಷ್ಟೇ. ಏನು ಮಾಡಲಿ?

ಮಣ್ಣುಗೈ:
ಹೆಡೆ ಎತ್ತಲಿಲ್ಲ ಅಂದ ಮಾತ್ರಕ್ಕೆ ಕೇರೆ ಅನ್ನೋಕಾಗಲ್ಲ. ತಪ್ಪಿಸಿಕೊಂಡು ಓಡುವ ನಾಗರವೂ ಸಾಮಾನ್ಯವಾಗಿ ಹೆಡೆ ಬಿಚ್ಚುವುದಿಲ್ಲ. ಬಣ್ಣವನ್ನೂ ನಂಬಬೇಡಿ, ಎರಡರಲ್ಲೂ ಕಂದು ಇದೆ, ಕಪ್ಪು ಇದೆ. ಫೋಟೋದಲ್ಲಿ ಮುಖ ದೊಡ್ಡದು ಮಾಡಿ ನೋಡಿ. ಕೇರೆಗೆ ಕಣ್ಣು ದೊಡ್ಡದು, ಕತ್ತು ಸಣ್ಣದಾಗಿ ತಲೆ ಬೇರೆಯಾಗಿ ಕಾಣುತ್ತದೆ, ತುಟಿಯಂಚಿನಲ್ಲಿ ಪೆನ್ನಿನಿಂದ ಗೀಚಿದ ಹಾಗೆ ಕಪ್ಪು ಗೆರೆಗಳಿರುತ್ತವೆ. ಹೊಡೆಯೋ ಮಾತು ಮಾತ್ರ ಬಿಡಿ. ಕೋಲು ಹಿಡಿದು ಹತ್ತಿರ ಹೋದಷ್ಟೂ ಕಚ್ಚಿಸಿಕೊಳ್ಳುವ ಅಪಾಯ ಜಾಸ್ತಿ. ಕೇರೆಗೆ ವಿಷವಿಲ್ಲ, ಇಲಿ ತಿಂದುಕೊಂಡು ಅದರ ಪಾಡಿಗೆ ಅದಿರುತ್ತದೆ.

ಅರ್ಧಸಗಣಿ:
ಕಟ್ಟಿಗೆ ರಾಶಿಗೆ ಸೀಮೆಎಣ್ಣೆ ಅಂದ ಪುಣ್ಯಾತ್ಮರು ಯಾರು? ಹಾವು ಹೋಗುತ್ತೋ ಇಲ್ವೋ, ಒಂದು ಕಿಡಿ ಬಿದ್ದರೆ ರಾಶಿಯಂತೂ ಹೋಗುತ್ತೆ. ಬೆಳ್ಳುಳ್ಳಿ ನೀರನ್ನೂ ನಂಬಿಕೊಂಡು ಕೂರಬೇಡಿ. ಸ್ವಲ್ಪ ಕಾಲ ಆ ಕಡೆ ಹೋಗಬೇಡಿ, ದಾರಿ ಖಾಲಿ ಇದ್ದರೆ ಅದೇ ಹೋಗುತ್ತದೆ. ಆಮೇಲೆ ಹಗಲಲ್ಲಿ, ಬೂಟು ಹಾಕಿಕೊಂಡು, ಉದ್ದ ಕೋಲಿನಿಂದ ಮೇಲಿನ ಕಟ್ಟಿಗೆಯಿಂದ ಒಂದೊಂದಾಗಿ ಉರುಳಿಸಿ. ಅಡಿಗೆ ಬೆರಳು ತೂರಿಸಲೇಬೇಡಿ, ಹಾವಿಲ್ಲದಿದ್ದರೂ ಚೇಳಿರಬಹುದು. ರಾತ್ರಿ ಯುವಿ ಟಾರ್ಚ್ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ, ಒಮ್ಮೆ ನೋಡಿ, ಮಜಾ ಇರುತ್ತೆ.

ಗೂಡುಬಾಗಿಲು:
ಚಿಕ್ಕ ಮಕ್ಕಳೋ ನಾಯಿಯೋ ಇರುವ ಮನೆಯಾದರೆ ನಾನು ಕಾಯಲ್ಲ, ಹಾವು ಹಿಡಿಯುವವರನ್ನು ಕರೆಸುತ್ತೇನೆ. ಇನ್ನೊಂದು ವಿಷಯ. ಓಡಿಹೋದ ಹಾವಿಗಿಂತ ನನಗೆ ಭಯ ಓಡದೆ ಮಲಗಿರುವ ಕೊಳಕುಮಂಡಲದ್ದು. ಒಣ ಎಲೆಯ ಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. ಮೈಮೇಲೆ ಸರಪಳಿಯಂಥ ಮಚ್ಚೆ, ಕೆಣಕಿದರೆ ಜೋರಾಗಿ ಬುಸ್ ಅನ್ನುತ್ತದೆ. ಸದ್ದು ಕೇಳಿದರೆ ಹಾಗೇ ಹಿಂದೆ ಸರಿಯಿರಿ. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ.

ಹಿತ್ತಲಕಡೆ:
ಫೋಟೋ ದೊಡ್ಡದು ಮಾಡಿದೆ. ತುಟಿ ಮೇಲೆ ಗೆರೆಗಳಿವೆ, ಕಣ್ಣೂ ದೊಡ್ಡದೇ. ಕೇರೆ ಅನ್ನಿಸುತ್ತದೆ. ಸೀಮೆಎಣ್ಣೆ ಕ್ಯಾನ್ ಒಳಗಿಟ್ಟಾಯಿತು, ಕಟ್ಟಿಗೆ ತಂಟೆಗೆ ಸದ್ಯಕ್ಕೆ ಹೋಗಲ್ಲ.

ಅರ್ಧಸಗಣಿ:
ಒಳ್ಳೇದು. ಬೂಟು ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ. ನನ್ನದರಲ್ಲಿ ಕಪ್ಪೆ ಸಂಸಾರ ಹೂಡಿತ್ತು.