ಅಪ್‌ಡೇಟ್: ಕಲ್ಲುಗುಡ್ಡದ ಸವಾರಿಗೆ ಬೂಟು, ಸ್ಪರ್ – ಕೊನೆಗೆ ಸರಿಹೋಗಿದ್ದು ಇದು

ಅರಿಜೋನಾದ ಗುಡ್ಡಗಾಡು ರಾಂಚ್‌ನಲ್ಲಿ ದನ ಹುಡುಕ್ಕೊಂಡು ಹೋಗುವಾಗ ಕೌಬಾಯ್ ಬೂಟು ಕಲ್ಲಿನ ಮೇಲೆ ಜಾರುತ್ತೆ, ಸ್ಪರ್ (ಕುದುರೆಗೆ ಸೂಚನೆ ಕೊಡೋಕೆ ಬೂಟಿನ ಹಿಮ್ಮಡಿಗೆ ಕಟ್ಟೋ ಲೋಹದ ಸಾಧನ) ಕೆಳಕ್ಕೆ ಇಳಿದುಬಿಡುತ್ತೆ, ಏನು ಮಾಡ್ಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಟ್ರೆಕಿಂಗ್ ಶೂ ಥರ ಹಲ್ಲುಹಲ್ಲಾದ ರಬ್ಬರ್ ಸೋಲ್ ಹಾಕ್ಸಿ ಅಂದಿದ್ರಲ್ಲ, ಅದು ಆಗ್ಲಿಲ್ಲ. ನಡೆಯೋಕೇನೋ ಭೇಷ್, ಆದ್ರೆ ರಿಕಾಪಿನಲ್ಲಿ (ಜೀನಿನಿಂದ ನೇತಾಡೋ, ಕಾಲಿಡೋ ಬಳೆ) ಕಾಲು ಕಚ್ಕೊಳ್ಳುತ್ತೆ. ಹಾಗೆ ಬಿದ್ರೆ ಕುದುರೆ ಎಳ್ಕೊಂಡೇ ಹೋಗುತ್ತೆ. ಚರ್ಮದ ನುಣುಪು ಸೋಲ್ ಇರೋದೇ ಕಾಲು ಸಲೀಸಾಗಿ ಹೊರಬರಲಿ ಅಂತ.

ಗೆದ್ದಿದ್ದು ಲೇಸ್ ಕಟ್ಟುವ ಪ್ಯಾಕರ್ ಬೂಟು. ಚರ್ಮದ ಸೋಲ್, ಎತ್ತರದ ಹೀಲ್, ಹೀಲ್‌ನ ತಳಕ್ಕೆ ಮಾತ್ರ ರಬ್ಬರ್. ಕುದುರೆಯನ್ನ ಹಿಡ್ಕೊಂಡು ಇಳಿಜಾರು ಇಳಿಯುವಾಗ ಕಣಕಾಲು ಹೊರಳಲ್ಲ. ಒಂದು ಕೊರತೆ ಇದೆ: ರಿಕಾಪಿನಲ್ಲಿ ಸಿಕ್ಕಿಹಾಕ್ಕೊಂಡ್ರೆ ಲೇಸ್ ಬೂಟು ಕಾಲಿಂದ ಕಳಚಿ ಬರಲ್ಲ. ಅಗಲ ಬಾಯಿಯ ಹಳೇ ಬೂಟಿಗೆ ಆ ಗುಣ ಇತ್ತು. ಹಾಗಾಗಿ ಬಯಲಲ್ಲಿ ಕೆಲಸ ಇದ್ದಾಗ ಈಗಲೂ ಅದನ್ನೇ ಹಾಕ್ಕೊಳ್ತೀನಿ.

ಸ್ಪರ್ ಪಟ್ಟಿ ಬಿಗಿ ಮಾಡಿದ್ದರಿಂದ ಪಾದದ ಮೇಲೆ ನೋವು ಬಂತಷ್ಟೆ. ಹೊಸ ಬೂಟಿನ ಹಿಂಭಾಗದಲ್ಲಿ, ಹೀಲ್‌ನ ಮೇಲೆ, ಸ್ಪರ್ ಕೂರೋಕೆ ಒಂದು ಸಣ್ಣ ಅಂಚು ಇದೆ. ಅದರ ಮೇಲೆ ಕೂತಿದ್ದು ಅಲ್ಲಾಡಲ್ಲ.

ನನಗೆ ಆಶ್ಚರ್ಯ ಆಗಿದ್ದು ಸ್ಪರ್‌ನ ತುದಿಯಲ್ಲಿ ತಿರುಗೋ ಹಲ್ಲಿನ ಚಕ್ರದ ವಿಷಯ. ತುಂಬ ಹಲ್ಲಿರುವ ದೊಡ್ಡ ಚಕ್ರ ನೋಡೋಕೆ ಭಯಂಕರ, ಆದ್ರೆ ಒತ್ತಡ ಹಂಚಿಹೋಗೋದ್ರಿಂದ ಕಡಿಮೆ ಹಲ್ಲಿನ ಚೂಪು ಚಕ್ರಕ್ಕಿಂತ ಕುದುರೆಗೆ ಅದೇ ಮೃದು. ನನ್ನದರ ತುದಿಗಳನ್ನ ಅರದಿಂದ ಉಜ್ಜಿ ಮೊಂಡು ಮಾಡ್ಕೊಂಡೆ. ಪಟ್ಟಿಯ ಬಕಲ್ ಯಾವ ಕಡೆ ಅಂತ ಕೇಳಿದವರಿಗೆ: ಹೊರಗಡೆ.