ಅಪ್ಪನ ಕೋವಿ: ಹೆಸರಿಗೆ ಮಾಡಿಸಿಕೊಳ್ಳಬೇಕೆ, ಬಿಟ್ಟುಕೊಡಬೇಕೆ?

ತೀರ್ಥಹಳ್ಳಿಯವರ ಪ್ರಶ್ನೆ: ಕಳೆದ ಮಳೆಗಾಲದಲ್ಲಿ ತಂದೆಯವರು ತೀರಿಕೊಂಡರು. ಬೆಳೆ ರಕ್ಷಣೆಗೆಂದು ಅವರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಕೇಪಿನ ಕೋವಿ ಈಗ ಠಾಣೆಯಲ್ಲಿದೆ. ವಾರಸುದಾರನಾಗಿ ಪರವಾನಗಿಗೆ ಅರ್ಜಿ ಹಾಕಬೇಕೆ ಬೇಡವೆ ಎಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ಕೊಪ್ಪದವರು: ನಾನು ಹಾಕಿದೆ, ಪಡೆದೆ, ಪಟ್ಟ ಪಾಡನ್ನೂ ಹೇಳುತ್ತೇನೆ. ಹನ್ನೊಂದು ತಿಂಗಳು, ಜಿಲ್ಲಾ ಕೇಂದ್ರಕ್ಕೆ ಒಂಬತ್ತು ಓಡಾಟ, ತರಬೇತಿ ಪ್ರಮಾಣಪತ್ರ, ವೈದ್ಯರ ಪತ್ರ, ತಂಗಿಯರ ಒಪ್ಪಿಗೆಯ ಅಫಿಡವಿಟ್ಟು ಎಲ್ಲ ಸೇರಿ 14,600 ರೂಪಾಯಿ. ಅದರಲ್ಲಿ ರಶೀದಿ ಸಿಕ್ಕಿದ್ದು 5,200ಕ್ಕೆ ಮಾತ್ರ. ಮರುವರ್ಷವೇ ಲೋಕಸಭಾ ಚುನಾವಣೆ ಬಂತು. ಯಾರ ಕೋವಿಯನ್ನು ಠೇವಣಿ ಇರಿಸಿಕೊಳ್ಳಬೇಕೆಂಬುದನ್ನು ಜಿಲ್ಲಾ ಪರಿಶೀಲನಾ ಸಮಿತಿ ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯಿದ್ದರೂ ನಮ್ಮಲ್ಲಿ ಊರಿಗೂರೇ ಪಟ್ಟಿಯಲ್ಲಿತ್ತು. 2024ರ ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾದ ವಾರವೇ ಒಪ್ಪಿಸಿದೆ. ಜೂನ್ 4ರ ಫಲಿತಾಂಶ ಕಳೆದು ಎರಡು ವಾರದ ಮೇಲೆ ಮರಳಿ ಪಡೆದಾಗ ನಳಿಗೆಯ ಬಾಯಿಗೆ ಬೆರಳಿಟ್ಟರೆ ಕೆಂಪು ತುಕ್ಕು ಅಂಟಿ ಬಂತು, ಕುದುರೆಯ ಸ್ಪ್ರಿಂಗ್ ಸತ್ತಿತ್ತು, ಹಿಡಿಯ ಮೇಲೆ ಸೀಮೆಸುಣ್ಣದಲ್ಲಿ ನಂಬರು ಗೀಚಿತ್ತು. ದುರಸ್ತಿಗೆ 2,300. ಅಷ್ಟರಲ್ಲಿ ಹಂದಿಗಳು ಕಿತ್ತ ಅಡಿಕೆ ಸಸಿ 140.

ಮಡಿಕೇರಿಯವರು: ತುಕ್ಕಿಗೆ ಠಾಣೆಯನ್ನು ದೂರಿ ಫಲವಿಲ್ಲ, ಎಣ್ಣೆ ಹಚ್ಚದೆ ಕೊಟ್ಟವರದ್ದೇ ತಪ್ಪು. ನಾವು ಕೊಡವರು, ನಮ್ಮ ಮನೆಯಲ್ಲಿ ಕೋವಿಗೆ ಪರವಾನಗಿಯೇ ಬೇಕಾಗಿಲ್ಲ, ವಿನಾಯಿತಿ ಪತ್ರವಿದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ಮರ್ಯಾದೆ ಅದು. ಈಗಿನ ವಿನಾಯಿತಿ 2029ರವರೆಗೆ ಇದೆ. ನಮ್ಮ ಆಯುಧಪೂಜೆಯಾದ ಕೈಲ್‌ಪೋದ್‌ನಂದು ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವವರು ನಾವು, ಕೋವಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಬಲ್ಲೆವು.

ಮೂಡಿಗೆರೆಯವರು: ಅದೇ ಹಂದಿ, ಅದೇ ಕಾಫಿ, ಜಿಲ್ಲೆಯ ಗಡಿ ದಾಟಿದರೆ ಹುಟ್ಟು ನೋಡಿ ಕಾನೂನು. ನಿಮ್ಮ ತೋಟಗಳಲ್ಲಿ ತಲೆತಲಾಂತರದಿಂದ ದುಡಿಯುವ ಆದಿವಾಸಿ ಯರವರಿಗೆ ಈ ಮರ್ಯಾದೆ ಏಕಿಲ್ಲ? ನನ್ನ ಅರ್ಜಿಯ ತನಿಖೆಗೆ ಪೇದೆ ನಾಲ್ಕು ಸಲ ಬಂದರು. ಕೇರಳದಿಂದ ಮನೆಗೆ ಬರುವವರು ಯಾರು, ಮಸೀದಿ ಕಮಿಟಿಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ, ಕೊನೆಯ ಸಲ ಮೊಬೈಲು ತೆರೆಸಿ ವಾಟ್ಸಾಪ್ ಗುಂಪುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡರು. ಬೇಲಿಯಾಚೆಯ ಗೌಡರ ಮನೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ತನಿಖೆ ಮುಗಿದಿತ್ತು. ಗೌಡರು ಒಳ್ಳೆಯವರೇ, ಅವರ ಮೇಲೆ ನನಗೆ ದೂರಿಲ್ಲ.

ಮಡಿಕೇರಿಯವರು: ತಿಳಿಯದೆ ಬರೆಯಬೇಡಿ. ವಿನಾಯಿತಿ ಕೊಡವರಿಗೆ ಮಾತ್ರವಲ್ಲ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇದೆ. ಜನಾಂಗಭೇದವೆಂಬ ವಾದವನ್ನೆಲ್ಲ ಕೇಳಿಯೇ 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಪೊಲೀಸರು ನಾಲ್ಕು ಪ್ರಶ್ನೆ ಕೇಳಿದರೆ ಉತ್ತರಿಸಿ. ಮುಚ್ಚಿಡುವುದು ಇಲ್ಲದವರಿಗೆ ಭಯವೇಕೆ?

ಕೊಪ್ಪದವರು: ಎಣ್ಣೆಯ ಮಾತಿಗೆ ಉತ್ತರ ಹೇಳಿಯೇ ಮುಂದೆ ಹೋಗುತ್ತೇನೆ. ಒಪ್ಪಿಸುವ ಮುನ್ನ ಎರಡು ಸಲ ಕೊಬ್ಬರಿ ಎಣ್ಣೆ ಬಳಿದು, ಬಟ್ಟೆ ತುರುಕಿ ಕೊಟ್ಟಿದ್ದೆ. ಸೋರುವ ಮಾಡಿನ ಕೆಳಗೆ ಇಟ್ಟರೆ ಯಾವ ಎಣ್ಣೆಯೂ ನಿಲ್ಲುವುದಿಲ್ಲ.

ಮಡಿಕೇರಿಯವರು: ಕೊಬ್ಬರಿ ಎಣ್ಣೆಯೇ? ಅದು ಅಂಟಾಗಿ ತೇವ ಹಿಡಿಯುತ್ತದೆ. ಹೇಳಬೇಕಾದ್ದು ಇನ್ನೇನೂ ಉಳಿಯಲಿಲ್ಲ.

ಮೂಡಿಗೆರೆಯವರು: ಮುಚ್ಚಿಡುವ ಮಾತು ಬಂತಲ್ಲ. ನನ್ನ ಪರವಾನಗಿಗೆ ವಿಶಿಷ್ಟ ಗುರುತಿನ ಸಂಖ್ಯೆಯಿದೆ, ವಿವರವೆಲ್ಲ ರಾಷ್ಟ್ರೀಯ ದತ್ತಾಂಶದಲ್ಲಿದೆ, 2019ರ ತಿದ್ದುಪಡಿಯ ಮೇಲೆ ನವೀಕರಣ ಐದು ವರ್ಷಕ್ಕೊಮ್ಮೆ. ಆದರೂ ಪ್ರತಿ ಹಬ್ಬದ ಮುನ್ನ ನನಗೊಂದು ಕರೆ ಬರುತ್ತದೆ. ನಿನ್ನೆ ಸಂಜೆಯೂ ಬಂತು: ಕೋವಿಯ ಪಕ್ಕದಲ್ಲಿ ಆ ದಿನದ ಪತ್ರಿಕೆ ಇಟ್ಟು ಫೋಟೋ ಕಳುಹಿಸಬೇಕಂತೆ. ನಮ್ಮೂರಿಗೆ ಪತ್ರಿಕೆ ತಲುಪುವುದೇ ಹತ್ತೂವರೆಯ ಬಸ್ಸಿಗೆ. ಈಗ ಅದಕ್ಕೇ ಕಾಯುತ್ತಿದ್ದೇನೆ. ಗೌಡರಿಗೆ ಇಂಥ ಕರೆ ಒಮ್ಮೆಯೂ ಬಂದಿಲ್ಲ, ಕೇಳಿ ನೋಡಿದ್ದೇನೆ.