ಸಹಾಯ ಬೇಕು: ‘ಹ್ಯಾವ್’ ಕಲಿಸಲು ವಾಕ್ಯಗಳು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಹೋಟೆಲ್ ಕೆಲಸದ ನಮ್ಮ ಕನ್ನಡದ ಹುಡುಗರಿಗೆ ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತಿದ್ದೇವೆ. ‘ಹ್ಯಾವ್’ ಅಭ್ಯಾಸಕ್ಕೆ ದಿನಬಳಕೆಯ 20 ವಾಕ್ಯ ಬೇಕು.

‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು, ‘ಐ ಹ್ಯಾವ್’ ಸರಿ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವಾಗಿನ ‘ಇರು’ ಮನಸ್ಸಿನಲ್ಲಿರುವುದರಿಂದ ‘ಆ್ಯಮ್’ ನುಸುಳುತ್ತದೆ ಅನ್ನಿಸುತ್ತದೆ. ಮರಾಠಿಯ ‘ಮಲಾ ಆಹೇ’ (ನನಗೆ ಇದೆ) ಕೂಡ ಅದೇ ಜಾಡು. ಊಟ ಮಾಡುತ್ತಿದ್ದರೆ ಮಾತ್ರ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ, ಅದು ಕ್ರಿಯೆ. ‘ಶಿ ಹ್ಯಾಸ್ ಅ ಪಾಸ್’ ಪ್ರಶ್ನೆಯಾದಾಗ ‘ಡಸ್ ಶಿ ಹ್ಯಾವ್ ಅ ಪಾಸ್?’ ಆಗುತ್ತದೆ. ‘ಡಸ್’ ಬಂದರೆ ‘ಹ್ಯಾಸ್’ ಇಲ್ಲ.

ಹೆಚ್ಚು ಎಡವುವುದು ‘ಹ್ಯಾವ್ ಟು’ನಲ್ಲಿ. ಡೊಂಬಿವಲಿಯಿಂದ ಚರ್ಚ್‌ಗೇಟ್‌ಗೆ ಹೋಗುವವರಿಗೆ ‘ಯು ಹ್ಯಾವ್ ಟು ಚೇಂಜ್ ಅಟ್ ದಾದರ್’, ಅಂದರೆ ದಾದರ್‌ನಲ್ಲಿ ರೈಲು ಬದಲಿಸಬೇಕು. ಸಿಎಸ್‌ಎಂಟಿಗಾದರೆ (ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ‘ಯು ಡೋಂಟ್ ಹ್ಯಾವ್ ಟು ಚೇಂಜ್’, ಬದಲಿಸಬೇಕಾಗಿಲ್ಲ. ಇಲ್ಲಿ ‘ಮಸ್ಟ್ ನಾಟ್’ ಅಂದರೆ ‘ಬದಲಿಸಲೇಬಾರದು’ ಎಂದಾಗಿಬಿಡುತ್ತದೆ! ಕನ್ನಡದಲ್ಲಿ ‘ಬೇಕಾಗಿಲ್ಲ’, ‘ಬಾರದು’ ಎಷ್ಟು ಸ್ಪಷ್ಟವಾಗಿ ಬೇರೆಬೇರೆ ಇವೆ, ಅದನ್ನೇ ಹಿಡಿದು ಕಲಿಸಬಹುದು.

ಕೌಂಟರ್, ಅಡುಗೆಮನೆ, ಲೋಕಲ್‌ನಲ್ಲಿ ನಿಜಕ್ಕೂ ಆಡುವ ಇಂಥ ಜೋಡಿ ವಾಕ್ಯಗಳನ್ನು ಕನ್ನಡ ಅರ್ಥದೊಂದಿಗೆ ಕಳಿಸಿ. ಒಂದು ವಾಕ್ಯ 8 ಪದ ಮೀರದಿರಲಿ. ಶನಿವಾರದೊಳಗೆ ಸಿಕ್ಕರೆ ದೊಡ್ಡ ಉಪಕಾರ.